ಕವಲುಮರದ ಆಳ: ಬೈನರಿ ಟ್ರೀಯಿಂದ ಅಳಿಯಸಂತಾನದ ಕವರಿನವರೆಗೆ

ಒಂದು ಬೈನರಿ ಟ್ರೀ ಕೊಟ್ಟಾಗ ಅದರ ಆಳವೆಷ್ಟೆಂದು ಕಂಡುಹಿಡಿಯುವ ಕ್ರಮವಿಧಿಯನ್ನು ಬರೆಯಿರಿ ಎಂಬುದು ಗಣಕ ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ. 1957ರಲ್ಲಿ ಆರಂಭವಾದ ಮಣಿಪಾಲದ ತಾಂತ್ರಿಕ ವಿದ್ಯಾಲಯವಿರಲಿ, 1986ರಲ್ಲಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಸ್ಥಾಪನೆಯಾದ ತಾಂತ್ರಿಕ ಕಾಲೇಜಿರಲಿ, ದತ್ತಾಂಶ ರಚನೆಗಳ ಪಾಠ ಈ ಪ್ರಶ್ನೆಯನ್ನು ಹಾದುಹೋಗದೆ ಮುಗಿಯುವುದಿಲ್ಲ. ಉದ್ಯೋಗದ ಸಂದರ್ಶನಗಳಲ್ಲಿಯೂ ಇದು ಮೇಲಿಂದ ಮೇಲೆ ಕೇಳಿಬರುತ್ತದೆ. ಸಂದರ್ಶನಕ್ಕೆ ಸಿದ್ಧತೆ ನಡೆಸುವವರು ಆಶ್ರಯಿಸುವ ಲೀಟ್‌ಕೋಡ್ ತಾಣದಲ್ಲಿ ಇದಕ್ಕೆ 104ನೆಯ ಕ್ರಮಾಂಕ. ಉತ್ತರ ನಾಲ್ಕೇ ಸಾಲಿನದು. ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿ ಕೆಲಸ ಗಿಟ್ಟಿಸಿಕೊಂಡವರಿಗೆ ಕೊರತೆಯಿಲ್ಲ.

ಆದರೆ ಆ ನಾಲ್ಕು ಸಾಲುಗಳಲ್ಲಿ ಬರುವ 'ಒಂದನ್ನು ಕೂಡಿಸು' ಎಂಬ ಸಣ್ಣ ಆಜ್ಞೆಯನ್ನು ಎಲ್ಲಿ ಇಡಬೇಕೆಂಬುದು ಮರ ಯಾವುದರ ಚಿತ್ರ ಎಂಬುದನ್ನು ಅವಲಂಬಿಸಿದೆ. ಇದನ್ನು ತಿಳಿಯಲು ಉಡುಪಿ ಸೀಮೆಯವರಿಗೆ ಪಠ್ಯಪುಸ್ತಕದ ಕೃತಕ ಉದಾಹರಣೆಗಳ ಅಗತ್ಯವಿಲ್ಲ. ಇಲ್ಲಿನ ಗುತ್ತುಮನೆಗಳ ವಂಶಾವಳಿಯೇ ಸಾಕು.

ಮೊದಲು ವ್ಯಾಖ್ಯೆ

ಗಣಕ ವಿಜ್ಞಾನಿಗಳ ಮರ ತಲೆಕೆಳಗಾಗಿ ಬೆಳೆಯುತ್ತದೆ. ಬೇರು ಮೇಲೆ, ಎಲೆಗಳು ಕೆಳಗೆ. ಮಾಹಿತಿಯನ್ನು ಹೊತ್ತ ಪ್ರತಿಯೊಂದು ಬಿಂದುವನ್ನು ಅವರು ನೋಡ್ ಎನ್ನುತ್ತಾರೆ. ಕಬ್ಬಿನ ಜಲ್ಲೆಯನ್ನು ಬಲ್ಲ ನಾವು ಅದನ್ನು ಗೆಣ್ಣು ಎಂದು ಕರೆಯಲು ಅಡ್ಡಿಯಿಲ್ಲ. ಒಂದು ಗೆಣ್ಣಿನಿಂದ ಗರಿಷ್ಠ ಎರಡು ಕವಲುಗಳು ಮಾತ್ರ ಹೊರಡಬಹುದು ಮತ್ತು ಅವುಗಳಲ್ಲಿ ಯಾವುದು ಎಡ, ಯಾವುದು ಬಲ ಎಂಬುದು ನಿಶ್ಚಿತವಾಗಿರಬೇಕು ಎಂಬ ನಿಯಮಕ್ಕೆ ಒಳಪಟ್ಟ ಮರವೇ ಬೈನರಿ ಟ್ರೀ. ಒಂದೇ ಕವಲಿರಬಹುದು, ಒಂದೂ ಇಲ್ಲದಿರಬಹುದು. ಬೇರಿನಿಂದ ಅತ್ಯಂತ ದೂರದ ಎಲೆಯವರೆಗೆ ಇಳಿಯುವಾಗ ದಾರಿಯಲ್ಲಿ ಸಿಗುವ ಗೆಣ್ಣುಗಳ ಸಂಖ್ಯೆಯೇ ಮರದ ಆಳ.

ಇಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಒಂದು ಭಿನ್ನಮತವಿದೆ. ಕೆಲವರು ಗೆಣ್ಣುಗಳನ್ನು ಎಣಿಸಿದರೆ ಇನ್ನು ಕೆಲವರು ಗೆಣ್ಣುಗಳ ನಡುವಣ ಕೊಂಡಿಗಳನ್ನು ಎಣಿಸುತ್ತಾರೆ. ಮೊದಲಿನವರ ಪ್ರಕಾರ ಒಂಟಿ ಗೆಣ್ಣಿನ ಮರದ ಆಳ 1, ಎರಡನೆಯವರ ಪ್ರಕಾರ 0. ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಎತ್ತರವನ್ನು ಕಟ್ಟಡದ ಬುಡದಿಂದ ಹೇಳಬಹುದು, ಸಮುದ್ರಮಟ್ಟದಿಂದಲೂ ಹೇಳಬಹುದು. ಎರಡೂ ಸರಿ, ಎಲ್ಲಿಂದ ಅಳೆದದ್ದೆಂದು ತಿಳಿಸಿದರಾಯಿತು. ಈ ಲೇಖನದಲ್ಲಿ ಗೆಣ್ಣುಗಳನ್ನೇ ಎಣಿಸಲಾಗಿದೆ. ತಲೆಮಾರುಗಳನ್ನು ಎಣಿಸುವ ನಮ್ಮ ವಾಡಿಕೆಗೂ ಅದೇ ಹೊಂದುತ್ತದೆ.

ನಾಲ್ಕು ಸಾಲಿನ ಉತ್ತರ

ಮರವೆಂದರೆ ಒಂದು ಗೆಣ್ಣು ಮತ್ತು ಅದರ ಎಡಬಲಗಳಲ್ಲಿ ತೂಗುವ ಎರಡು ಚಿಕ್ಕ ಮರಗಳು. ಆ ಚಿಕ್ಕ ಮರಗಳ ಆಳ ಗೊತ್ತಾದರೆ ದೊಡ್ಡ ಮರದ ಆಳ ತಾನಾಗಿ ತಿಳಿಯುತ್ತದೆ: ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಒಂದನ್ನು ಕೂಡಿಸಬೇಕು. ಚಿಕ್ಕ ಮರಗಳ ಆಳವನ್ನು ತಿಳಿಯುವುದು ಹೇಗೆ? ಅದೇ ವಿಧಾನದಿಂದ. ಇಳಿಯುತ್ತಾ ಹೋದಂತೆ ಕೊನೆಗೆ ಏನೂ ಇಲ್ಲದ ತಾಣ ಬರುತ್ತದೆ. ಅದರ ಆಳ ಶೂನ್ಯ. ಹೀಗೆ ಒಂದು ವಿಧಿ ತನ್ನನ್ನು ತಾನೇ ಕರೆದುಕೊಳ್ಳುವ ಕ್ರಮಕ್ಕೆ ರಿಕರ್ಶನ್ ಎಂದು ಹೆಸರು.

ಆಳ(ಗೆಣ್ಣು):
— ಗೆಣ್ಣು ಶೂನ್ಯವಾದರೆ, 0 ಮರಳಿಸು
— ಎಡದಾಳ = ಆಳ(ಗೆಣ್ಣು.ಎಡ)
— ಬಲದಾಳ = ಆಳ(ಗೆಣ್ಣು.ಬಲ)
— 1 + ಗರಿಷ್ಠ(ಎಡದಾಳ, ಬಲದಾಳ) ಮರಳಿಸು

ಇದನ್ನು ಕನ್ನಡದಲ್ಲಿ ಬರೆದಿರುವುದು ಓದುಗರ ಅನುಕೂಲಕ್ಕೆ ಮಾತ್ರವಲ್ಲ. 2008ರಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದೀಚೆಗೆ ಆ ಭಾಷೆಯಲ್ಲಿ 'ಆಳ', 'ಗೆಣ್ಣು', 'ಎಡದಾಳ' ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು; ಭಾಷೆಯ ಸ್ವಂತ ಆಜ್ಞಾಪದಗಳು ಮಾತ್ರ ಆಂಗ್ಲದಲ್ಲಿರಬೇಕು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಬಲ್ಲವರಿಗೆ ಇದು ಕಷ್ಟದ ಕೆಲಸವೇನಲ್ಲ. ನಮ್ಮ ವಿದ್ಯಾರ್ಥಿಗಳು ಈ ಸೌಲಭ್ಯವನ್ನು ಬಳಸುವುದು ತೀರಾ ವಿರಳವೆಂಬುದು ಬೇರೆ ಮಾತು.

ಪ್ರತಿ ಗೆಣ್ಣನ್ನೂ ಒಮ್ಮೆ ಮಾತ್ರ ಮುಟ್ಟುವುದರಿಂದ ಈ ವಿಧಿಗೆ ತಗಲುವ ಕಾಲ ಗೆಣ್ಣುಗಳ ಸಂಖ್ಯೆಗೆ ಅನುಗುಣವಾಗಿರುತ್ತದೆ. ಬೇಕಾಗುವ ಸ್ಮೃತಿಯಾದರೋ ಮರದ ಆಳಕ್ಕೆ ಅನುಗುಣ. ಏಕೆಂದರೆ ಪ್ರತಿ ಮಟ್ಟದಲ್ಲೂ 'ಎಡಗಡೆಯದು ಮುಗಿಯಿತು, ಬಲಗಡೆಯದು ಬಾಕಿ' ಎಂಬ ಅರ್ಧ ಮುಗಿದ ಕೆಲಸದ ಟಿಪ್ಪಣಿಯೊಂದನ್ನು ಗಣಕ ಜೋಪಾನವಾಗಿ ಇಟ್ಟುಕೊಂಡಿರಬೇಕಾಗುತ್ತದೆ.

ಗರಿಷ್ಠದ ಜಾಗದಲ್ಲಿ ಕನಿಷ್ಠ ಎಂದು ಬರೆದರೆ ಅತಿ ಸಮೀಪದ ಎಲೆಯ ಆಳ ಸಿಗಬೇಕಲ್ಲವೆ ಎಂದು ಅನೇಕರು ಭಾವಿಸುತ್ತಾರೆ. ಸಿಗುವುದಿಲ್ಲ. ಎಡಗವಲು ಮಾತ್ರವಿದ್ದು ಬಲಗಡೆ ಖಾಲಿಯಿರುವ ಗೆಣ್ಣಿನಲ್ಲಿ ಆ ಖಾಲಿ ಜಾಗದ ಶೂನ್ಯವೇ ಕನಿಷ್ಠವೆನಿಸಿ, ಎಲೆಯೇ ಇಲ್ಲದ ಕಡೆ ಎಲೆ ಇದೆಯೆಂದು ಉತ್ತರ ಬರುತ್ತದೆ. ಖಾಲಿ ಜಾಗ ಎಲೆಯಲ್ಲ.

ಆಳ ಹೆಚ್ಚಿದರೆ ಏನು ನಷ್ಟ?

ಆಳವನ್ನು ಅಳೆಯುವ ಗೋಜಾದರೂ ಏಕೆ ಎಂದು ಕೇಳುವವರಿಗೆ ಉಡುಪಿ ಜಿಲ್ಲೆಯ ಜನಸಂಖ್ಯೆಯಲ್ಲೇ ಉತ್ತರವಿದೆ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿದ್ದವರು ಸುಮಾರು 11 ಲಕ್ಷ 77 ಸಾವಿರ ಮಂದಿ. ಇವರೆಲ್ಲರ ಹೆಸರುಗಳನ್ನು ಹುಡುಕಾಟಕ್ಕೆ ಅನುಕೂಲವಾಗುವಂತೆ ಒಂದು ಬೈನರಿ ಟ್ರೀಯಲ್ಲಿ ಇಡುತ್ತೇವೆಂದು ಭಾವಿಸೋಣ. ಅಕಾರಾದಿಯಲ್ಲಿ ಹಿಂದೆ ಬರುವ ಹೆಸರು ಎಡಕ್ಕೆ, ಮುಂದೆ ಬರುವುದು ಬಲಕ್ಕೆ. ಮರ ಸಮತೋಲದಲ್ಲಿದ್ದರೆ 20 ಮಟ್ಟಗಳಲ್ಲಿ 10,48,575 ಹೆಸರುಗಳು ಹಿಡಿಸುತ್ತವೆ, 21 ಮಟ್ಟಗಳಲ್ಲಿ 20,97,151. ಹಾಗಾಗಿ ಇಡೀ ಜಿಲ್ಲೆಯಲ್ಲಿ ಒಬ್ಬರನ್ನು ಹುಡುಕಲು ಹೆಚ್ಚೆಂದರೆ 21 ಹೋಲಿಕೆಗಳು ಸಾಕು.

ಅದೇ ಹೆಸರುಗಳನ್ನು ಮೊದಲೇ ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಿಂದ ಒಂದೊಂದಾಗಿ ಮರಕ್ಕೆ ಸೇರಿಸಿದರೆ ಪ್ರತಿ ಹೊಸ ಹೆಸರೂ ಹಿಂದಿನದರ ಬಲಕ್ಕೇ ಹೋಗಿ ಬೀಳುತ್ತದೆ. ಆಗ ಉಳಿಯುವುದು ಮರವಲ್ಲ, ಬಾವಿಯ ಹಗ್ಗ. ಅದರ ಆಳ 11 ಲಕ್ಷ 77 ಸಾವಿರ. ಅಚ್ಚುಕಟ್ಟಾದ ಪಟ್ಟಿಯೇ ಮರವನ್ನು ಕೆಡಿಸುವುದು ಈ ವಿದ್ಯೆಯ ವಿಚಿತ್ರಗಳಲ್ಲಿ ಒಂದು. ಇದಕ್ಕೆ ಪರಿಹಾರವಾಗಿ 1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ಒಂದು ಉಪಾಯವನ್ನು ಪ್ರಕಟಿಸಿದರು. ಯಾವ ಗೆಣ್ಣಿನಲ್ಲಿಯೂ ಎಡಬಲಗಳ ಆಳದ ಅಂತರ ಒಂದನ್ನು ಮೀರದಂತೆ, ಮೀರಿದೊಡನೆ ಗೆಣ್ಣುಗಳನ್ನು ತಿರುಗಿಸಿ ಸರಿಪಡಿಸುವುದೇ ಆ ಉಪಾಯ. ಅವರಿಬ್ಬರ ಹೆಸರಿನ ಮೊದಲಕ್ಷರಗಳಿಂದ ಎವಿಎಲ್ ಎಂದು ಹೆಸರಾದ ಇಂಥ ಮರದಲ್ಲಿ ನಮ್ಮ ಜಿಲ್ಲೆಯ ಆಳ 30ನ್ನು ಮೀರದು.

ಹಗ್ಗದಂಥ ಮರದ ಮೇಲೆ ನಾಲ್ಕು ಸಾಲಿನ ವಿಧಿಯನ್ನು ಓಡಿಸಿದರೆ ಇನ್ನೊಂದು ತೊಂದರೆ. ಅರ್ಧ ಮುಗಿದ ಕೆಲಸದ ಟಿಪ್ಪಣಿಗಳು ಲಕ್ಷಗಟ್ಟಲೆ ಪೇರಿ ಗಣಕ ಕೈಚೆಲ್ಲುತ್ತದೆ. ಪೈಥಾನ್ ಸಾಮಾನ್ಯವಾಗಿ ಸುಮಾರು 1000 ಕರೆಗಳ ಆಳಕ್ಕೇ ತಡೆಯೊಡ್ಡುತ್ತದೆ. ಅಂಥಲ್ಲಿ ರಿಕರ್ಶನ್ ಬಿಟ್ಟು ಸರತಿಯ ಸಾಲನ್ನು ಬಳಸಬೇಕು: ಮೊದಲು ಬೇರನ್ನು ಸಾಲಿನಲ್ಲಿ ನಿಲ್ಲಿಸಿ, ಒಂದು ಮಟ್ಟದವರೆಲ್ಲರನ್ನೂ ಹೊರಗೆ ಕಳುಹಿಸುತ್ತಾ ಅವರ ಮಕ್ಕಳನ್ನು ಸಾಲಿಗೆ ಸೇರಿಸಿ, ಪ್ರತಿ ಪಂಕ್ತಿ ಮುಗಿದಾಗ ಎಣಿಕೆಯನ್ನು ಒಂದರಷ್ಟು ಏರಿಸುವುದು. ಮಠದ ಭೋಜನಶಾಲೆಯಲ್ಲಿ ಪಂಕ್ತಿಗಳನ್ನು ಎಣಿಸಿದಂತೆಯೇ.

ಪೂರ್ವಜರ ಮರ ನಿಜವಾದ ಬೈನರಿ ಟ್ರೀ

ಇನ್ನು ಮನೆತನಗಳ ಮಾತು. ವಂಶವೃಕ್ಷ ಎರಡು ಬಗೆಯದು. ಒಬ್ಬ ವ್ಯಕ್ತಿಯಿಂದ ಹಿಂದಕ್ಕೆ ಹೋಗುವ ಪೂರ್ವಜರ ಮರ ಒಂದು. ಒಬ್ಬ ಮೂಲಪುರುಷನಿಂದಲೋ ಮೂಲಸ್ತ್ರೀಯಿಂದಲೋ ಮುಂದಕ್ಕೆ ಬರುವ ಸಂತತಿಯ ಮರ ಇನ್ನೊಂದು. ಮೊದಲನೆಯದು ಹುಟ್ಟಿನಿಂದಲೇ ಬೈನರಿ ಟ್ರೀ. ಪ್ರತಿಯೊಬ್ಬರಿಗೂ ಒಬ್ಬ ತಂದೆ, ಒಬ್ಬ ತಾಯಿ. ತಂದೆ ಎಡಗವಲು, ತಾಯಿ ಬಲಗವಲು. 1590ರಲ್ಲಿ ಐಟ್ಸಿಂಗರ್ ಎಂಬ ಆಸ್ಟ್ರಿಯದ ಇತಿಹಾಸಕಾರ ಬಳಸಿದ ಕ್ರಮಾಂಕ ಪದ್ಧತಿ ಇಂದಿಗೂ ವಂಶಾವಳಿ ತಂತ್ರಾಂಶಗಳಲ್ಲಿದೆ. ನಾವು 1 ಆದರೆ ತಂದೆ 2, ತಾಯಿ 3. ಯಾರ ಕ್ರಮಾಂಕವನ್ನು ಇಮ್ಮಡಿಗೊಳಿಸಿದರೂ ಅವರ ತಂದೆ, ಇಮ್ಮಡಿಗೊಳಿಸಿ ಒಂದು ಕೂಡಿಸಿದರೆ ಅವರ ತಾಯಿ. ಹತ್ತು ತಲೆಮಾರುಗಳ ಇಂಥ ಮರದಲ್ಲಿ 1023 ಸ್ಥಾನಗಳಿವೆ.

ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಈ ಮರದ ಎಡಗವಲುಗಳೆಲ್ಲವೂ ಬಿದ್ದುಹೋಗುತ್ತವೆ. ಬಂಟರು, ಬಿಲ್ಲವರು, ಮೊಗವೀರರು ಮತ್ತು ಕೆಲವು ಜೈನ ಮನೆತನಗಳು ಅನುಸರಿಸಿಕೊಂಡು ಬಂದ, ಭೂತಾಳ ಪಾಂಡ್ಯನೇ ಜಾರಿಗೆ ತಂದನೆಂದು ಐತಿಹ್ಯ ಹೇಳುವ ಈ ಕಟ್ಟಳೆಯಲ್ಲಿ ಬಳಿಯೂ ಕುಟುಂಬವೂ ತಾಯಿಯಿಂದ ಬರುತ್ತವೆ. ಆಗ ಹಿಂದಕ್ಕೆ ಹೋಗುವ ದಾರಿ ಒಂದೇ: 1, 3, 7, 15, 31 ಎಂದು ತಾಯಂದಿರ ಕ್ರಮಾಂಕಗಳು. ಹತ್ತು ತಲೆಮಾರು ಹಿಂದಿನ ಮೂಲಸ್ತ್ರೀಯ ಕ್ರಮಾಂಕ 1023. ಮರದ ಆಳ ಹತ್ತೇ, ಆದರೆ ಗೆಣ್ಣುಗಳೂ ಹತ್ತೇ. ಜನಗಣತಿಯ ಉದಾಹರಣೆಯಲ್ಲಿ ದೋಷವೆನಿಸಿದ ಹಗ್ಗ ಇಲ್ಲಿ ಕುಟುಂಬದ ಬೆನ್ನೆಲುಬು.

ರಾಜಮನೆತನಗಳಲ್ಲಿಯೂ ಈ ಕ್ರಮವಿತ್ತು. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರವನನ್ನು ಅಲ್ಲಿನ ಶಾಸನ ಹಿಂದಿನ ಭೈರವನ ಸೋದರಿ ಗುಮ್ಮಟಾಂಬೆಯ ಮಗನೆಂದು ಗುರುತಿಸುತ್ತದೆ. ಮರದ ಮೇಲೆ ಈ ಸಂಬಂಧವನ್ನು ನೋಡಿ: ಅಳಿಯನಿಂದ ತಾಯಿಗೆ, ತಾಯಿಯಿಂದ ಅಜ್ಜಿಗೆ ಎರಡು ಮೆಟ್ಟಿಲು ಏರಿ, ಅಜ್ಜಿಯಿಂದ ಮಾವನಿಗೆ ಒಂದು ಮೆಟ್ಟಿಲು ಇಳಿಯಬೇಕು. ಪಟ್ಟ ಮಾವನಿಂದ ಅಳಿಯನಿಗೆ ನೇರವಾಗಿ ಬಂದಂತೆ ಕಂಡರೂ ಮರದಲ್ಲಿ ಅವರಿಬ್ಬರ ನಡುವೆ ನೇರ ಕೊಂಡಿಯಿಲ್ಲ. ಇಬ್ಬರನ್ನೂ ಸೇರಿಸುವ ಗೆಣ್ಣು ಹೆಣ್ಣು.

ಸಂತತಿಯ ಮರವನ್ನು ಎರಡು ಕವಲಿಗೆ ಇಳಿಸುವುದು

ಮುಂದಕ್ಕೆ ಬರುವ ಸಂತತಿಯ ಮರ ಬೈನರಿ ಅಲ್ಲ. ಒಬ್ಬಾಕೆಗೆ ಮೂವರು ಮಕ್ಕಳಿರಬಹುದು, ಒಂಬತ್ತು ಮಂದಿಯೂ ಇರಬಹುದು. ಆದರೂ ಅದನ್ನು ಬೈನರಿ ಟ್ರೀಯಾಗಿ ಬರೆಯುವ ಯುಕ್ತಿಯೊಂದಿದೆ. ಡೊನಾಲ್ಡ್ ಕ್ನೂತ್ 1968ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥಮಾಲೆಯ ಮೊದಲ ಸಂಪುಟದಲ್ಲಿ ಅದನ್ನು ಸಹಜ ಸಂವಾದವೆಂಬ ಅರ್ಥದ ಹೆಸರಿನಿಂದ ವಿವರಿಸಿದ್ದಾರೆ. ಎಡಗವಲಿನಲ್ಲಿ ಚೊಚ್ಚಲು ಮಗು, ಬಲಗವಲಿನಲ್ಲಿ ತನ್ನ ಬೆನ್ನಿಗೆ ಹುಟ್ಟಿದ ತಮ್ಮ ಅಥವಾ ತಂಗಿ. ಎರಡೇ ಕೊಂಡಿಗಳಲ್ಲಿ ಎಷ್ಟು ದೊಡ್ಡ ಕುಟುಂಬವೂ ಹಿಡಿಸುತ್ತದೆ.

ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ಮೂಲಸ್ತ್ರೀ 'ಅ'. ಆಕೆಯ ಮಕ್ಕಳು ಕ್ರಮವಾಗಿ 'ಆ', 'ಇ', 'ಈ', ಮೂವರೂ ಹೆಣ್ಣುಮಕ್ಕಳು. 'ಆ'ಗೆ 'ಉ' ಮತ್ತು 'ಊ' ಎಂಬ ಇಬ್ಬರು ಮಕ್ಕಳು. 'ಇ'ಗೆ ಮಕ್ಕಳಿಲ್ಲ. 'ಈ'ಗೆ 'ಎ' ಎಂಬ ಮಗಳು, ಆಕೆಗೆ 'ಏ' ಎಂಬ ಮಗಳು. ಯಾವ ಅಜ್ಜಿಯನ್ನು ಕೇಳಿದರೂ ಇಲ್ಲಿರುವುದು ನಾಲ್ಕು ತಲೆಮಾರು ಎಂದು ಹೇಳಿಯಾಳು.

ಇದನ್ನು ಕ್ನೂತ್ ಕ್ರಮದಲ್ಲಿ ಬರೆದು ನಮ್ಮ ನಾಲ್ಕು ಸಾಲಿನ ವಿಧಿಗೆ ಒಪ್ಪಿಸಿದರೆ ಬರುವ ಉತ್ತರ 6! 'ಅ'ಯಿಂದ ಎಡಕ್ಕೆ 'ಆ', ಅಲ್ಲಿಂದ ಬಲಕ್ಕೆ 'ಇ', ಬಲಕ್ಕೆ 'ಈ', ಎಡಕ್ಕೆ 'ಎ', ಎಡಕ್ಕೆ 'ಏ' ಎಂದು ಆರು ಗೆಣ್ಣುಗಳ ದಾರಿಯನ್ನು ಅದು ಪ್ರಾಮಾಣಿಕವಾಗಿ ಎಣಿಸಿದೆ. ಬೈನರಿ ಟ್ರೀಯ ಆಳವೆಂದು ಅದು ಸರಿಯೇ. ಆದರೆ ಅಕ್ಕನಿಂದ ತಂಗಿಗೆ ಸರಿಯುವುದನ್ನೂ ಅದು ಒಂದು ತಲೆಮಾರು ಇಳಿದಂತೆ ಲೆಕ್ಕ ಹಾಕಿದೆ. ತಲೆಮಾರು ಬೇಕಿದ್ದರೆ ಒಂದನ್ನು ಕೂಡಿಸುವ ಜಾಗವನ್ನು ಬದಲಿಸಬೇಕು:

ತಲೆಮಾರು(ಗೆಣ್ಣು):
— ಗೆಣ್ಣು ಶೂನ್ಯವಾದರೆ, 0 ಮರಳಿಸು
— ಕೆಳಗೆ = 1 + ತಲೆಮಾರು(ಗೆಣ್ಣು.ಎಡ)
— ಪಕ್ಕಕ್ಕೆ = ತಲೆಮಾರು(ಗೆಣ್ಣು.ಬಲ)
— ಗರಿಷ್ಠ(ಕೆಳಗೆ, ಪಕ್ಕಕ್ಕೆ) ಮರಳಿಸು

ತಾಯಿಯಿಂದ ಮಗುವಿಗೆ ಇಳಿದಾಗ ಒಂದು ಸೇರುತ್ತದೆ, ಒಡಹುಟ್ಟಿದವರ ಕಡೆಗೆ ಸರಿದಾಗ ಸೇರುವುದಿಲ್ಲ. ಕೆಳಗಿನಿಂದ ಲೆಕ್ಕ ಹಾಕಿ ನೋಡಿ: 'ಏ'ಗೆ 1, 'ಎ'ಗೆ 2, 'ಈ'ಗೆ 3. 'ಇ'ಯಲ್ಲಿ ಕೆಳಗೆ 1, ಪಕ್ಕಕ್ಕೆ 3, ಆದ್ದರಿಂದ 3. 'ಆ'ಯಲ್ಲಿ ಕೆಳಗೆ 2, ಪಕ್ಕಕ್ಕೆ 3, ಮತ್ತೆ 3. 'ಅ'ಯಲ್ಲಿ 1 ಕೂಡಿ 4. ಅಜ್ಜಿಯ ಲೆಕ್ಕಕ್ಕೂ ಗಣಕದ ಲೆಕ್ಕಕ್ಕೂ ಈಗ ಹೊಂದಿಕೆಯಾಯಿತು.

ಅಳಿಯಸಂತಾನಕ್ಕೆ ಇನ್ನೂ ಒಂದು ತಿದ್ದುಪಡಿ ಬೇಕು. ಗಂಡುಮಗನ ಮಕ್ಕಳು ಈ ಕುಟುಂಬದವರಲ್ಲ, ತಮ್ಮ ತಾಯಿಯ ಕುಟುಂಬದವರು. ಗೆಣ್ಣು ಗಂಡಾಗಿದ್ದರೆ ಎಡಗವಲಿಗೆ ಇಳಿಯಲೇ ಬಾರದು. ಮೇಲಿನ ಕುಟುಂಬದಲ್ಲಿ 'ಎ' ಮಗಳಲ್ಲ, ಮಗ ಎಂದಾದರೆ 'ಏ' ಹೊರಗುಳಿದು ತಲೆಮಾರು ಮೂರಕ್ಕೆ ಇಳಿಯುತ್ತದೆ.

ಕವರು ಎಂಬ ಮಾತು, ಕಾಯಿದೆಯ ಮಾತು

ಇದೆಲ್ಲ ಪುಸ್ತಕದ ಕಸರತ್ತಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ಮದ್ರಾಸ್ ಅಳಿಯಸಂತಾನ ಕಾಯಿದೆ ಜಾರಿಗೆ ಬಂತು. ಕುಟುಂಬದ ಆಸ್ತಿಯನ್ನು ಪಾಲು ಮಾಡುವುದಕ್ಕೆ ಅದು ಆಧಾರವಾಗಿ ಹಿಡಿದ ಘಟಕದ ಹೆಸರು ಕವರು. ಕನ್ನಡದ ಕವಲು ಎಂಬ ಮಾತಿನ ಬಂಧುವಾದ ಈ ಪದಕ್ಕೆ ಕೊಂಬೆ ಇಬ್ಭಾಗವಾಗುವ ಜಾಗವೆಂದೇ ಅರ್ಥ. ಕಾಯಿದೆಯ ವ್ಯಾಖ್ಯೆಯಂತೆ ಒಬ್ಬ ಹೆಣ್ಣಿನ ಕವರೆಂದರೆ ಆಕೆ, ಆಕೆಯ ಮಕ್ಕಳು ಮತ್ತು ಹೆಣ್ಣುಸಂತತಿಯ ಮೂಲಕ ಬಂದ ಆಕೆಯ ಎಲ್ಲ ವಂಶಜರು. ಗಂಡಿನ ಕವರೆಂದರೆ ಅವನ ತಾಯಿಯ ಕವರು. ಗಣಕ ವಿಜ್ಞಾನಿ ಉಪವೃಕ್ಷವೆಂದು ಕರೆಯುವುದನ್ನು ಕಾಯಿದೆ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ. ಗಂಡಿನ ಗೆಣ್ಣಿನಲ್ಲಿ ಇಳಿಯಬಾರದೆಂಬ ನಿಯಮವನ್ನೂ ಸೇರಿಸಿಕೊಂಡೇ.

ಕಾಯಿದೆ ಕವರುಗಳನ್ನು ಎರಡಾಗಿ ವಿಂಗಡಿಸುತ್ತದೆ. ಐವತ್ತು ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಈ ವಿಂಗಡಣೆಯ ಫಲ ಸಣ್ಣದಲ್ಲ. ಪಾಲಾಗುವ ಹೊತ್ತಿಗೆ ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದಲ್ಲಿ, ನಿಸ್ಸಂತತಿ ಕವರಿಗೆ ಬಂದ ಆಸ್ತಿಯಲ್ಲಿ ಅದಕ್ಕೆ ಜೀವಿತಾವಧಿಯ ಹಕ್ಕು ಮಾತ್ರ. ಕವರಿನ ಕೊನೆಯ ಸದಸ್ಯರು ತೀರಿಕೊಂಡ ಮೇಲೆ ಅದು ಹಿಂದಿರುಗುತ್ತದೆಂದು ಕಾಯಿದೆ ವಿಧಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಳಿಯಸಂತಾನದವರ ಹಕ್ಕಿನ ಬಗ್ಗೆ ಪ್ರತ್ಯೇಕ ವಿಧಿಗಳನ್ನು ತಂದಿತು. ಅವೆರಡನ್ನೂ ಹೊಂದಿಸಿ ಓದುವುದು ನ್ಯಾಯಾಲಯದ ಕೆಲಸವೇ ಹೊರತು ಗಣಕದ್ದಲ್ಲ. ಗಣಕ ಹೇಳಬಲ್ಲದ್ದು ಇಷ್ಟೇ: ಈ ಕವರಿನಲ್ಲಿ ಐವತ್ತು ತುಂಬದ ಹೆಣ್ಣು ಇದ್ದಾಳೆಯೇ?

ಅದನ್ನು ಹೇಳುವ ವಿಧಿಯ ಮೈಕಟ್ಟು ಆಳದ ವಿಧಿಯದ್ದೇ. 'ಗರಿಷ್ಠ' ಇದ್ದ ಜಾಗಕ್ಕೆ 'ಅಥವಾ' ಬರುತ್ತದೆ:

ಉಂಟೇ(ಗೆಣ್ಣು):
— ಗೆಣ್ಣು ಶೂನ್ಯವಾದರೆ, ಇಲ್ಲ
— ಗೆಣ್ಣು ಗಂಡಾದರೆ, ಉಂಟೇ(ಗೆಣ್ಣು.ಬಲ)
— ಬದುಕಿದ್ದು 50 ತುಂಬದ ಹೆಣ್ಣಾದರೆ, ಹೌದು
— ಉಂಟೇ(ಗೆಣ್ಣು.ಎಡ) ಅಥವಾ ಉಂಟೇ(ಗೆಣ್ಣು.ಬಲ)

ಈಗ ನಮ್ಮ ಕಲ್ಪಿತ ಕುಟುಂಬದ 'ಇ'ಯ ಕಡೆಗೆ ನೋಡೋಣ. ಆಕೆಗೆ 62 ವರ್ಷ, ಮಕ್ಕಳಿಲ್ಲ. ಆಕೆಯೊಬ್ಬಳೇ ಒಂದು ಕವರು, ಅದೂ ನಿಸ್ಸಂತತಿ ಕವರು. ಆದರೆ ಮೇಲಿನ ವಿಧಿಯನ್ನು ನೇರವಾಗಿ 'ಇ'ಗೆ ಅನ್ವಯಿಸಿದರೆ ಅದು ಬಲಗವಲಿನ ಮೂಲಕ ತಂಗಿ 'ಈ'ಯನ್ನು ಹಾದು, ಮೂವತ್ತರ ಹರೆಯದ 'ಎ'ಯನ್ನು ಕಂಡು, ಹೌದು ಎಂದುಬಿಡುತ್ತದೆ. ತಂಗಿಯ ಮಗಳ ಪ್ರಾಯ ಅಕ್ಕನ ಕವರಿಗೆ ಸೇರಿ ಜೀವಿತಾವಧಿಯ ಹಕ್ಕು ಕಾಗದದ ಮೇಲೆ ಪೂರ್ಣ ಹಕ್ಕಾಗಿ ಕಾಣಿಸುತ್ತದೆ. ತಲೆಮಾರಿನ ವಿಧಿಯೂ ಇದೇ ರೀತಿ ಮಕ್ಕಳಿಲ್ಲದ 'ಇ'ಗೆ ಮೂರು ತಲೆಮಾರಿನ ಸಂತತಿಯನ್ನು ದಯಪಾಲಿಸಿತ್ತು, ನೆನಪಿರಲಿ.

ಇಡೀ ಮರಕ್ಕೆ ಬೇರಿನಿಂದ ಓಡಿಸಿದಾಗ ಈ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಬೇರಿಗೆ ಒಡಹುಟ್ಟಿದವರಿಲ್ಲ. ನಡುವಣ ಗೆಣ್ಣಿನಿಂದ ಆರಂಭಿಸಿದಾಗ ಮಾತ್ರ ಕಾಣುತ್ತದೆ. ಕವರಿನ ತಲೆಯಾದ ಹೆಣ್ಣಿನಲ್ಲಿ ಆಕೆಯ ಪ್ರಾಯವನ್ನು ನೋಡಬೇಕು, ಆಕೆಯ ಎಡಗವಲಿಗೆ ಮಾತ್ರ ವಿಧಿಯನ್ನು ಕಳುಹಿಸಬೇಕು, ಬಲಗವಲನ್ನು ಮುಟ್ಟಬಾರದು. ಅದರ ಕೆಳಗಿನ ಎಲ್ಲ ಗೆಣ್ಣುಗಳಲ್ಲಿ ಬಲಗವಲು ಬೇಕೇ ಬೇಕು. ಒಂದೇ ಕೊಂಡಿ ಒಂದು ಕಡೆ ಒಳಗಿನದು, ಇನ್ನೊಂದು ಕಡೆ ಹೊರಗಿನದು.

ಇಬ್ಬರಿಗೂ ಸೇರಿದ ಅಜ್ಜಿ

ಕಾಯಿದೆಯ 35ನೆಯ ಕಲಮು ಇನ್ನೊಂದು ಲೆಕ್ಕವನ್ನು ಕೇಳುತ್ತದೆ. ಪಾಲು ಕೇಳುವ ಕವರಿಗೂ ಕುಟುಂಬದ ಬೇರೊಂದು ಕವರಿಗೂ ಸಮಾನಳಾದ ಪೂರ್ವಿಕ ಸ್ತ್ರೀ ಬದುಕಿದ್ದು ಆಕೆಗೆ ಐವತ್ತು ತುಂಬಿಲ್ಲವಾದರೆ, ಆಕೆ ಲಿಖಿತ ಒಪ್ಪಿಗೆ ಕೊಡಬೇಕು, ಇಲ್ಲವೇ ಕವರಿನ ಪ್ರಾಯಪ್ರಬುದ್ಧರಲ್ಲಿ ಮೂರನೇ ಎರಡರಷ್ಟು ಮಂದಿ ಸೇರಿ ಪಾಲು ಕೇಳಬೇಕು. ಹಾಗಾದರೆ ಆ ಸಮಾನ ಪೂರ್ವಿಕಳು ಯಾರು? ಗಣಕದಲ್ಲಿ ಇದು ಅತಿ ಸಮೀಪದ ಸಮಾನ ಪೂರ್ವಜನ ಸಮಸ್ಯೆ. ಇಲ್ಲಿ ಆಳ ಬರಿಯ ಉತ್ತರವಲ್ಲ, ಉಪಕರಣ.

ಪ್ರತಿ ಗೆಣ್ಣಿನಲ್ಲೂ ತಾಯಿಯ ಕಡೆಗೆ ಒಂದು ಕೊಂಡಿಯಿದೆಯೆಂದು ಇಟ್ಟುಕೊಂಡರೆ ಮೂಲಸ್ತ್ರೀಯಿಂದ ಇಬ್ಬರೂ ಎಷ್ಟು ತಲೆಮಾರು ಕೆಳಗಿದ್ದಾರೆಂದು ಮೊದಲು ಎಣಿಸಬೇಕು. ಹೆಚ್ಚು ಕೆಳಗಿರುವವರನ್ನು ತಾಯಿಯಿಂದ ತಾಯಿಗೆ ಏರಿಸಿ ಇಬ್ಬರನ್ನೂ ಒಂದೇ ಮಟ್ಟಕ್ಕೆ ತರಬೇಕು. ಬಳಿಕ ಇಬ್ಬರೂ ಒಂದೊಂದೇ ಮೆಟ್ಟಿಲು ಜತೆಯಾಗಿ ಏರಿ ಒಂದೇ ಗೆಣ್ಣಿನಲ್ಲಿ ಸಂಧಿಸಿದರೆ ಆಕೆಯೇ ಸಮಾನ ಪೂರ್ವಿಕಳು. ನಮ್ಮ ಉದಾಹರಣೆಯಲ್ಲಿ 'ಊ' ಮೂರನೆಯ ತಲೆಮಾರು, 'ಏ' ನಾಲ್ಕನೆಯದು. 'ಏ'ಯನ್ನು ಒಂದು ಮೆಟ್ಟಿಲು ಏರಿಸಿದರೆ 'ಎ'. ಇಬ್ಬರೂ ಇನ್ನೊಂದು ಏರಿದರೆ 'ಆ' ಮತ್ತು 'ಈ'. ಮತ್ತೊಂದು ಏರಿದರೆ 'ಅ'. ಈ ಲೆಕ್ಕಕ್ಕೆ ಬೈನರಿ ಟ್ರೀಯ ಆಳವನ್ನು ಬಳಸಿದರೆ ಕೆಡುತ್ತದೆ: 'ಊ'ಗೆ 4, 'ಏ'ಗೆ 6 ಎಂದು ಬಂದು, 'ಏ'ಯನ್ನು ಎರಡು ತಲೆಮಾರು ಏರಿಸಿ 'ಈ'ಯಲ್ಲಿ ನಿಲ್ಲಿಸಿದಂತಾಗುತ್ತದೆ, ಇತ್ತ 'ಊ' ಇನ್ನೂ ಕೆಳಗೇ ಇರುತ್ತಾಳೆ. ಆಮೇಲೆ ಎಷ್ಟು ಏರಿದರೂ ಇಬ್ಬರೂ ಸಂಧಿಸುವುದಿಲ್ಲ.

ಸಂಧಿಸಿದ ಅಜ್ಜಿ ಬದುಕಿದ್ದು ಐವತ್ತು ದಾಟಿದ್ದರೆ ಅವಳ ಮೇಲಿನವರನ್ನು ನೋಡಬೇಕಾಗಿಲ್ಲ. ಆಕೆಯ ತಾಯಿ ಆಕೆಗಿಂತ ಹಿರಿಯಳೇ ಆಗಿರಬೇಕಲ್ಲ. ಆಕೆ ತೀರಿಹೋಗಿದ್ದರೆ ಮಾತ್ರ ಇನ್ನೂ ಮೇಲಕ್ಕೆ ನೋಡುವುದು ಕ್ಷೇಮ.

ತೀರಿಹೋದವರ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಉಡುಪಿ, ಕಾರ್ಕಳಗಳ ನ್ಯಾಯಾಲಯಗಳಿಗೆ ಪಾಲಿನ ದಾವೆಗಳೊಂದಿಗೆ ಸಲ್ಲಿಸುವ ವಂಶಾವಳಿಗಳಲ್ಲಿ ಬದುಕಿಲ್ಲದವರ ಹೆಸರುಗಳು ಹೇರಳವಾಗಿರುತ್ತವೆ. ಪಾಲು ಬದುಕಿರುವವರಿಗೆ ತಾನೆ ಎಂದು ಸತ್ತವರ ಗೆಣ್ಣುಗಳನ್ನು ಗಣಕದ ಪಟ್ಟಿಯಿಂದ ಅಳಿಸಿದರೆ ಮರ ತುಂಡುತುಂಡಾಗುತ್ತದೆ. ಮೂಲಸ್ತ್ರೀಯೇ ಮೊದಲು ಅಳಿಯುವವಳು. ಆಕೆ ಹೋದರೆ ಮಕ್ಕಳೆಲ್ಲ ಬೇರೆ ಬೇರೆ ಕುಟುಂಬದವರಂತೆ ಕಾಣುತ್ತಾರೆ. ಗೆಣ್ಣನ್ನು ಉಳಿಸಿಕೊಂಡು, ಬದುಕಿದ್ದಾರೆಯೇ ಎಂಬ ಗುರುತನ್ನು ಮಾತ್ರ ಬದಲಿಸುವುದು ಸರಿಯಾದ ಕ್ರಮ.

ಇನ್ನು ದೈವದ ನೇಮಕ್ಕೋ ನಾಗನ ತಂಬಿಲಕ್ಕೋ ಕುಟುಂಬದವರು ತರವಾಡುಮನೆಯಲ್ಲಿ ಸೇರಿದಾಗ ಮುಂಬಯಿಯಿಂದಲೂ ಕೊಲ್ಲಿ ರಾಷ್ಟ್ರಗಳಿಂದಲೂ ಬಂದ ಎಳೆಯರು ವಂಶವೃಕ್ಷವನ್ನು ಗಣಕಕ್ಕೆ ಏರಿಸಲು ಹೊರಟರೆ ಅವರಿಗೆ ಅನುಕೂಲವಾದ ಒಂದು ಸಂಗತಿಯಿದೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ವರಿಸುವ ರೂಢಿಯಿರುವ ಸಮಾಜದಲ್ಲಿ ತಂದೆತಾಯಿಗಳಿಬ್ಬರನ್ನೂ ಬರೆದ ಪೂರ್ವಜರ ಮರ ಶುದ್ಧ ಮರವಾಗಿ ಉಳಿಯುವುದಿಲ್ಲ. ಒಬ್ಬಳೇ ಅಜ್ಜಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಎರಡು ಸ್ಥಾನಗಳಲ್ಲಿ ಕಾಣಿಸಿಕೊಳ್ಳುತ್ತಾಳೆ. ಹೆಣ್ಣಿನ ಸಾಲನ್ನು ಮಾತ್ರ ಬರೆದಲ್ಲಿ ಆ ತೊಡಕಿಲ್ಲ. ಹೆತ್ತ ತಾಯಿ ಎಲ್ಲರಿಗೂ ಒಬ್ಬಳೇ ಆದುದರಿಂದ ಯಾವ ಗೆಣ್ಣಿಗೂ ಮೇಲಿನಿಂದ ಎರಡು ದಾರಿಗಳಿರಲು ಸಾಧ್ಯವಿಲ್ಲ. ಉಳಿಯುವ ಅಪಾಯ ಬರವಣಿಗೆಯ ತಪ್ಪು ಮಾತ್ರ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿರುವ ಮನೆಗಳಲ್ಲಿ ಇಬ್ಬರನ್ನೂ ಒಬ್ಬಳೆಂದು ದಾಖಲಿಸಿಬಿಟ್ಟರೆ ಅಜ್ಜಿ ತನ್ನ ಮಗಳ ಮಗಳಾಗಿ, ಮರ ಉಂಗುರವಾಗಿ, ಆಳದ ವಿಧಿ ಎಂದೂ ತಳ ಮುಟ್ಟದೆ ಇಳಿಯುತ್ತಲೇ ಇರುತ್ತದೆ. ಹೆಸರಿನ ಬದಲು ಪ್ರತಿಯೊಬ್ಬರಿಗೂ ಒಂದು ಕ್ರಮಾಂಕವನ್ನು ಕೊಟ್ಟು, ಇಳಿಯುವ ದಾರಿಯಲ್ಲಿ ಅದೇ ಕ್ರಮಾಂಕ ಎರಡನೆಯ ಬಾರಿ ಎದುರಾದೊಡನೆ ವಿಧಿಯನ್ನು ನಿಲ್ಲಿಸಿ ಆ ದಾಖಲೆಯನ್ನು ಹಿರಿಯರ ಮುಂದಿಡಬೇಕು.